ಆನೆ ದಾರಿಯ ಫೋಲ್ಡರುಗಳು

ನಮ್ಮ ಎಸ್ಟೇಟ್ ಆಫೀಸಿನ ಕಂಪ್ಯೂಟರ್ ತೆರೆದರೆ ಸಿಗುವ ಮೊದಲ ಫೋಲ್ಡರಿನ ಹೆಸರು ‘000 ಇವತ್ತು’. ಅದರ ಕೆಳಗೆ ‘010 ಕಂದಕ’, ಆಮೇಲೆ ‘020 ಹಡ್ಲು’, ‘030 ಹಲಸು’, ‘035 ಹೊಸ ಹಲಸು’, ಹೀಗೆ ‘120 ಕೆರೆ’ಯವರೆಗೆ. ಮೊದಲ ಸಲ ನೋಡಿದವರೆಲ್ಲ ಒಂದು, ಎರಡು ಎಂದು ಬರೆಯುವುದು ಬಿಟ್ಟು ಇದೇನು ಎಂದು ಕೇಳುತ್ತಾರೆ. ಮೊನ್ನೆ ಹೊಸ ಕಂಪ್ಯೂಟರ್ ಜೋಡಿಸಲು ಬಂದವರೂ ಕೇಳಿದರು. "ಈ ನಂಬರೆಲ್ಲ ತೆಗ್ದು ಕ್ಲೀನ್ ಮಾಡಿ ಕೊಡ್ಲಾ ಮೇಡಂ?" ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಅದನ್ನೊಂದು ಮುಟ್ಬೇಡಿ" ಎಂದ ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಅವರು ಪಾಪ, ಕೈ ಹಿಂದಕ್ಕೆ ತೆಗೆದುಕೊಂಡರು.

ಆ ನಂಬರುಗಳನ್ನು ಹಾಕಿದವರು ಹೋದ ತಿಂಗಳು ತೀರಿಕೊಂಡರು. ವಯಸ್ಸು ಎಪ್ಪತ್ತರ ಹತ್ತಿರ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಪೊನ್ನಂಪೇಟೆ ಹತ್ತಿರದ ಅವರ ಮನೆಗೆ ನಾನು ಹೋದಾಗ ಅವರ ಹೆಂಡತಿ ಅವರ ಫೋನನ್ನು ನನ್ನ ಕೈಗಿಟ್ಟು, "ಯಾರಿಗೆಲ್ಲ ಹೇಳ್ಬೇಕು, ನೀನೇ ನೋಡಮ್ಮ. ನಂಗೆ ಇದ್ರಲ್ಲಿ ಒಂದು ಹೆಸರೂ ಸಿಗೂದಿಲ್ಲ" ಎಂದರು. ತೆರೆದು ನೋಡಿದರೆ ಅಲ್ಲೂ ಅದೇ ಕಥೆ. ‘010 ಆಫೀಸು’, ‘020 ವಾಚರ್ ಅಪ್ಪು’, ‘030 ಸೆಲ್ವಿ’. ‘ಮನೆ’ ಎಂಬುದು ‘060’ರಲ್ಲಿತ್ತು. ಅದನ್ನು ಅವರಿಗೆ ತೋರಿಸಿದೆ. ಅಳುತ್ತಿದ್ದ ಹೆಂಗಸು ಸೆರಗಿನಲ್ಲಿ ಮೂಗೊರೆಸಿಕೊಂಡು, "ಆರನೇದಾ? ಅಷ್ಟಾದ್ರೂ ಮೇಲೆ ಉಂಟಲ್ಲ" ಎಂದು ನಕ್ಕರು. ನಾನು ಅಂಗಳದ ಮೂಲೆಯಲ್ಲಿ ನಿಂತು ಅವರಿಟ್ಟ ಕ್ರಮದಲ್ಲೇ ಒಬ್ಬೊಬ್ಬರಿಗೂ ಫೋನ್ ಮಾಡಿ ಸುದ್ದಿ ಹೇಳಿದೆ.

ಅವರನ್ನು ಎಲ್ಲರೂ ರೈಟರ್ ಎಂದೇ ಕರೆಯುತ್ತಿದ್ದರು. ಎಸ್ಟೇಟಿನಲ್ಲಿ ರೈಟರ್ ಎಂದರೆ ಕಥೆ ಬರೆಯುವವರಲ್ಲ. ಇವತ್ತು ಯಾವ ಬ್ಲಾಕಿನಲ್ಲಿ ಯಾರಿಗೆ ಏನು ಕೆಲಸ, ಎಷ್ಟು ಜನ ಬಂದರು, ಯಾವ ಬೇಲಿ ಮುರಿದಿದೆ ಎಂದು ಬರೆದಿಡುವವರು. ನಾನು ಸೋಮವಾರಪೇಟೆ ಕಡೆಯವಳು, ಮದುವೆಯಾಗಿ ತಿತಿಮತಿಗೆ ಬಂದವಳು. ಕಂಪ್ಯೂಟರ್ ಡಿಪ್ಲೊಮಾ ಇದೆಯೆಂದು ಸಾಹುಕಾರರು ನನ್ನನ್ನು ಆಫೀಸಿಗೆ ತೆಗೆದುಕೊಂಡಾಗ ರೈಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆನೆ ನೋಡಿದ್ದೀಯಾ?" ಎಂದು ಮಾತ್ರ ಕೇಳಿದರು. ದಸರಾದಲ್ಲಿ ನೋಡಿದ್ದೇನೆ ಎಂದೆ. "ಅದು ಬೇರೆ ಆನೆ ಮಾರಾಯ್ತಿ" ಎಂದು ತಮ್ಮ ಕೆಲಸಕ್ಕೆ ತಿರುಗಿದರು.

ಅವರ ಮೇಜಿನ ಹಿಂದೆ ಗೋಡೆಗೆ ಹೊಡೆದ ಒಂದು ಹಲಗೆಯಿತ್ತು. ಅದರ ಮೇಲೆ ಬ್ಲಾಕಿಗೊಂದರಂತೆ ಹನ್ನೆರಡು ರಟ್ಟಿನ ರಿಜಿಸ್ಟರುಗಳು. ಅವರು ತಲೆಯೆತ್ತದೆ ಕೈ ಹಿಂದೆ ಚಾಚಿದರೆ ಬೇಕಾದ ರಿಜಿಸ್ಟರೇ ಕೈಗೆ ಬರುತ್ತಿತ್ತು. ಯಾರಾದರೂ ಒಂದನ್ನು ಜಾಗ ತಪ್ಪಿಸಿ ಇಟ್ಟರೆ ಬಾಗಿಲಲ್ಲಿ ಕಾಲಿಡುವಾಗಲೇ ಅವರಿಗೆ ತಿಳಿಯುತ್ತಿತ್ತು. ಆ ಸಾಲು ಅಕ್ಷರದ ಪ್ರಕಾರವೂ ಇರಲಿಲ್ಲ, ವಿಸ್ತೀರ್ಣದ ಪ್ರಕಾರವೂ ಇರಲಿಲ್ಲ. ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಅವು ಬರೂ ಪ್ರಕಾರ."

ಅವು ಎಂದರೆ ಆನೆಗಳು. ನಮ್ಮ ಎಸ್ಟೇಟಿನ ಒಂದು ಬದಿ ಪೂರ್ತಿ ಕಾಡು, ನಡುವೆ ಆನೆ ಕಂದಕ. ಕಂದಕ ಕುಸಿದ ಕಡೆ ಅವು ಇಳಿದು ಹತ್ತುತ್ತವೆ, ಹಡ್ಲು ಎನ್ನುವ ತಗ್ಗಿನ ಜೌಗು ನೆಲದಲ್ಲಿ ಹುಲ್ಲು ಮೇಯುತ್ತವೆ, ಹಲಸಿನ ಮರಗಳ ಬ್ಲಾಕಿಗೆ ಬರುತ್ತವೆ, ಬಾವಿ ಬ್ಲಾಕು ಬಳಸಿ ಕೊನೆಗೆ ಕೆರೆಗೆ ಹೋಗುತ್ತವೆ. ಅವುಗಳ ಅಜ್ಜಿಯರ ಕಾಲದಿಂದಲೂ ಅದೇ ದಾರಿ. ಕಂದಕದ ವಾಚರ್ ಅಪ್ಪು "ಇಳಿದಾವೆ" ಎಂದು ಫೋನ್ ಮಾಡಿದರೆ ರೈಟರ್ ಮೊದಲ ಬ್ಲಾಕಿನಿಂದ ಶುರು ಮಾಡಿ ವರಸೆಯಾಗಿ ಒಬ್ಬೊಬ್ಬ ಮೇಸ್ತ್ರಿಗೂ ಹೇಳುತ್ತ ಹೋಗುತ್ತಿದ್ದರು. ಆನೆ ತಲುಪುವ ಮೊದಲು ಮಾತು ತಲುಪಬೇಕು. ಕಾಫಿ ಕುಯ್ಯುವ ಹೆಂಗಸರು ಚೀಲ ಬಿಟ್ಟು ಕೆರೆ ಪಕ್ಕದ ಟಾರು ರಸ್ತೆಗೆ ಬಂದು ನಿಲ್ಲುತ್ತಿದ್ದರು.

ಇಂಥವರ ಮುಂದೆ ಸಾಹುಕಾರರು ಕಂಪ್ಯೂಟರ್ ತಂದಿಟ್ಟರು. ಬ್ಲಾಕಿಗೊಂದು ಫೋಲ್ಡರ್, ಅದರೊಳಗೆ ನಕ್ಷೆ, ಬೇಲಿಯ ಫೋಟೊ, ಮೇಸ್ತ್ರಿಯ ಫೋನ್ ನಂಬರು. ನಾನು ಎರಡು ದಿನ ಕುಳಿತು ಎಲ್ಲ ಮಾಡಿಕೊಟ್ಟೆ. ರೈಟರ್ ಮೂಗಿನ ಮೇಲೆ ಕನ್ನಡಕ ಏರಿಸಿ ನೋಡಿದರು. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೆ. ಬಂಗಲೆ ಮೊದಲು ನಿಂತಿತ್ತು, ಕಂದಕ ನಡುವೆ ಎಲ್ಲೋ ಸಿಕ್ಕಿಕೊಂಡಿತ್ತು.

"ಬಂಗಲೆ ಯಾಕೆ ಮೇಲೆ ಹೋಗಿ ಕೂತಿದೆ?"

"ಅದು ಬಿ ಅಲ್ವಾ ಸಾರ್. ಎ ಬಿ ಸಿ ಡಿ ಪ್ರಕಾರ ಬರುತ್ತೆ."

"ಆನೆಗೆ ಎ ಬಿ ಸಿ ಡಿ ಬರ್ತದಾ?"

ಅಂದಿನಿಂದ ಅವರಿಗೂ ಆ ಯಂತ್ರಕ್ಕೂ ಜಗಳ. ಒಂದು ಫೈಲು ತೆರೆದು ಉಳಿಸಿದರೆ ಅದು ಪಟ್ಟಿಯ ತುದಿಗೆ ಹಾರಿ ಕೂರುತ್ತಿತ್ತು. ಕೊನೆಗೆ ಮುಟ್ಟಿದ್ದು ಮೊದಲು ಬರಲಿ ಎಂದು ಯಾರೋ ಒತ್ತಿಟ್ಟಿದ್ದರು. "ಮುಟ್ಟಿದ್ದೇ ತಪ್ಪಾ? ಇಟ್ಟ ಜಾಗದಲ್ಲಿ ಇರ್ಲಿಕ್ಕೆ ಇದಕ್ಕೆ ಏನು ಕಷ್ಟ?" ಎನ್ನುತ್ತಿದ್ದರು. ನಾನು ಹೆಸರಿನ ಪ್ರಕಾರ ಬದಲಿಸಿ ಕೊಟ್ಟೆ. ಆಮೇಲೆ ಅವರೇ ಯೋಚಿಸಿ ಒಂದು, ಎರಡು, ಮೂರು ಎಂದು ಹೆಸರಿನ ಮುಂದೆ ಅಂಕಿ ಹಾಕಿದರು. ಆ ಹಳೆಯ ಮೆಷಿನ್ ಒಂದಾದ ಮೇಲೆ ಹತ್ತು, ಹನ್ನೊಂದು, ಹನ್ನೆರಡನ್ನು ನಿಲ್ಲಿಸಿ, ಎರಡನ್ನು ಅವುಗಳ ಕೆಳಗೆ ತಳ್ಳಿತು. ರೈಟರ್ ಪೆನ್ಸಿಲನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಟ್ಟರು. "ಕಂದಕ ದಾಟಿದ ಆನೆ ಸೀದಾ ಕೆರೆಗೆ ಹಾರ್ತದಾ? ನಡುವೆ ಇರೂ ಜನ ಮನುಷ್ಯರಲ್ವಾ?"

ಮುಂದೆ ಸೊನ್ನೆ ಹಾಕಿದರೆ ಸರಿಹೋಗುತ್ತದೆ ಎಂದು ಹೇಳಿಕೊಟ್ಟೆ. ಸರಿಹೋಯಿತು. ಅದರ ಮೇಲೆ ಅವರು ತಮ್ಮದೊಂದು ಬುದ್ಧಿ ಸೇರಿಸಿದರು. ಒಂದು, ಎರಡರ ಬದಲು ಹತ್ತು, ಇಪ್ಪತ್ತು ಎಂದು ಬರೆದರು. ಯಾಕೆ ಎಂದರೆ, "ಕಾಫಿ ಗಿಡ ಸತ್ತ ಜಾಗಕ್ಕೆ ಸಪ್ಲೈ ಗಿಡ ಹಾಕ್ತೇವಲ್ಲ, ಹಾಗೆ. ನಡುವೆ ಒಂದು ಹೊಸತು ಬಂದ್ರೆ ನಿಲ್ಲಿಕ್ಕೆ ಜಾಗ ಬೇಕು." ನಾನು ಒಳಗೊಳಗೇ ನಕ್ಕೆ. ಮರುವರ್ಷ ಸಾಹುಕಾರರು ಹಲಸಿನ ಬ್ಲಾಕನ್ನು ಎರಡು ಮಾಡಿದರು. ರೈಟರ್ ‘035’ ಎಂದು ಒತ್ತಿದರು. ಹೊಸ ಬ್ಲಾಕು ತನ್ನ ಜಾಗದಲ್ಲಿ ಹೋಗಿ ನಿಂತಿತು. ಬೇರೆ ಒಂದನ್ನೂ ಮುಟ್ಟಬೇಕಾಗಲಿಲ್ಲ. ಅವರು ನನ್ನ ಕಡೆ ನೋಡಲೂ ಇಲ್ಲ, ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

‘000 ಇವತ್ತು’ ಹುಟ್ಟಿದ್ದೂ ಜಗಳದಿಂದಲೇ. ಆ ದಿನ ಯಾವ ಬ್ಲಾಕಿನಲ್ಲಿ ಕೆಲಸ ಎಂಬ ಒಂದು ಹಾಳೆ ಎಲ್ಲಕ್ಕಿಂತ ಮೇಲಿರಬೇಕು ಎಂದು ಅವರ ಹಟ. ಯಂತ್ರ ಮಾತ್ರ ಫೋಲ್ಡರುಗಳನ್ನೆಲ್ಲ ಮೊದಲು ಸಾಲಾಗಿ ನಿಲ್ಲಿಸಿ ಬಿಡಿ ಹಾಳೆಯನ್ನು ತಳಕ್ಕೆ ಹಾಕುತ್ತಿತ್ತು. ಸೊನ್ನೆ ಎಷ್ಟು ಹಾಕಿದರೂ ಕೇಳಲಿಲ್ಲ. ಕೊನೆಗೆ ಆ ಒಂದು ಹಾಳೆಗಾಗಿ ಒಂದು ಫೋಲ್ಡರ್ ಮಾಡಿ ಅದರೊಳಗೆ ಇಟ್ಟರು. "ಒಂದು ಕಾಗದಕ್ಕೆ ಒಂದು ಮನೆ ಕಟ್ಟಿ ಕೊಡ್ಬೇಕು ಇವರಿಗೆ" ಎಂದು ಗೊಣಗಿದರು.

ಇವರಿಗೆ ಎಂದದ್ದು ಕಂಪ್ಯೂಟರಿಗೆ. ರೈಟರಿಗೆ ಸಿಟ್ಟು ಬಂದರೆ ಮರ್ಯಾದೆ ಹೆಚ್ಚುತ್ತಿತ್ತು. ಸುಮ್ಮನಿದ್ದಾಗ ‘ಇದು’, ರೇಗಿದಾಗ ‘ಇವರು’. ಪಟ್ಟಿಯ ತಲೆಯಲ್ಲಿ ‘ಹೆಸರು’ ಎಂದು ಇರುತ್ತದಲ್ಲ, ಅದರ ಮೇಲೆ ಅವರ ದಪ್ಪ ಬೆರಳು ಅಕಸ್ಮಾತ್ತಾಗಿ ಒತ್ತಿಬಿಟ್ಟರೆ ಇಡೀ ಪಟ್ಟಿ ತಲೆಕೆಳಗಾಗಿ ಕೆರೆ ಮೇಲೆ, ಕಂದಕ ಕೆಳಗೆ ಬರುತ್ತಿತ್ತು. ವಾರಕ್ಕೆರಡು ಸಲವಾದರೂ ಹೀಗಾಗುತ್ತಿತ್ತು. ಆಗ ಅವರು ಎದ್ದು ನಿಂತು, "ಬಾ, ಇವರು ಶೀರ್ಷಾಸನ ಹಾಕಿದ್ದಾರೆ" ಎಂದು ನನ್ನನ್ನು ಕರೆಯುತ್ತಿದ್ದರು. ನಾನು ಬಂದು ಇನ್ನೊಮ್ಮೆ ಒತ್ತಿ ನೆಟ್ಟಗೆ ಮಾಡಿ ಹೋಗುತ್ತಿದ್ದೆ.

ಆ ಮರ್ಯಾದೆ ನನಗೂ ಒಮ್ಮೆ ಸಿಕ್ಕಿತು. ಅವರು ಮದುವೆಯೊಂದಕ್ಕೆಂದು ಮೂರು ದಿನ ರಜೆ ಹಾಕಿದ್ದರು. ಸಾಹುಕಾರರ ನೆಂಟರು ಆಫೀಸಿಗೆ ಬಂದವರು ಪರದೆ ನೋಡಿ, "ಏನಿದು ನಂಬರ್ ಪ್ಲೇಟ್ ಹಾಗೆ" ಎಂದು ನಕ್ಕರು. ನನಗೆ ಅವಮಾನವಾಯಿತು. ಡಿಪ್ಲೊಮಾ ಮಾಡಿದವಳು ಇರುವ ಆಫೀಸು ಎಂಬ ಜಂಬ ಬೇರೆ. ಕೂತು ಅಂಕಿಗಳನ್ನೆಲ್ಲ ಅಳಿಸಿ ಚಂದವಾಗಿ ಇಂಗ್ಲಿಷ್ ಅಕ್ಷರದ ಹೆಸರು ಮಾತ್ರ ಉಳಿಸಿದೆ. ಬಂಗಲೆ ಮತ್ತೆ ಮೇಲೆ ಹೋಗಿ ಕೂತಿತು. ಪುಣ್ಯಕ್ಕೆ ಆ ಮೂರು ದಿನ ಆನೆ ಬರಲಿಲ್ಲ.

ರೈಟರ್ ಬಂದರು. ಪರದೆಯ ಮುಂದೆ ಕೂತು ಪಟ್ಟಿಯನ್ನು ತಲೆಯಿಂದ ಬುಡದವರೆಗೆ ಓದಿದರು. ಆಮೇಲೆ, "ನೀವು ಒಳ್ಳೇದಕ್ಕೇ ಮಾಡಿದ್ದೀರಿ" ಎಂದರು. ಇಡೀ ದಿನ ನೀವು, ತಾವು. ಸಾಹುಕಾರರಿಗೆ ಹೇಳುತ್ತಾರೆ, ಕೆಲಸ ಹೋಯಿತು ಎಂದುಕೊಂಡು ಆ ದಿನ ಬುತ್ತಿ ಬಿಚ್ಚಲಿಲ್ಲ. ಸಂಜೆ ಹೊರಡುವಾಗ ಅವರು, "ನಾಳೆ ಚಪ್ಪಲಿ ಬೇಡ, ಶೂ ಹಾಕಿ ಬನ್ನಿ" ಎಂದರು.

ಮರುದಿನ ಬೆಳಿಗ್ಗೆ ನನ್ನನ್ನು ಕಂದಕದ ಬಳಿ ನಿಲ್ಲಿಸಿದರು. ಮಣ್ಣು ಜಾರಿದ ಕಡೆ ಆನೆ ಕುಳಿತು ಇಳಿದ ಗುರುತು ಇತ್ತು. ಕೈಗೊಂದು ನೋಟ್‌ಬುಕ್ಕು ಕೊಟ್ಟು, "ಹತ್ತು ಅಂತ ಬರೀರಿ" ಎಂದರು. ಅಲ್ಲಿಂದ ಹಡ್ಲಿಗೆ ಇಳಿದೆವು. "ಇಪ್ಪತ್ತು." ಹಲಸಿನ ಬ್ಲಾಕಿನಲ್ಲಿ ಸೆಲ್ವಿ ಸಿಕ್ಕಳು. ಅವಳು ಅಲ್ಲಿನ ಮೇಸ್ತ್ರಿ, ಐವತ್ತು ದಾಟಿದವಳು, ಎಡಗಾಲು ಎಳೆದು ನಡೆಯುತ್ತಾಳೆ. ಅವಳನ್ನು ದಾಟಿ ಮುಂದೆ ಬಂದ ಮೇಲೆ ರೈಟರ್ ತಿರುಗಿ ನೋಡದೆ ಹೇಳಿದರು. "ಫೋನ್ ಇಲ್ಲದ ಕಾಲ. ಓಡಿ ಹೋಗಿ ಹೇಳ್ಬೇಕಿತ್ತು. ನಾನು ಹತ್ತಿರದ ಬ್ಲಾಕು ಮೊದಲು ಅಂತ ಬಾವಿ ಕಡೆಗೆ ಹೋದೆ. ಆನೆ ಇಲ್ಲಿತ್ತು. ಸೆಲ್ವಿ ಜೀವ ಉಳೀತು, ಕಾಲು ಹೋಯ್ತು."

ಕೆರೆಯವರೆಗೂ ಬರೆದುಕೊಂಡು ಬಂದೆ. ಆಫೀಸಿಗೆ ಬಂದು ಹದಿಮೂರು ಬ್ಲಾಕಿನ ಫೋಲ್ಡರಿಗೂ ನಾನೇ ಅಂಕಿ ಹಾಕಿದೆ. ಕೊನೆಯದು ಮುಗಿದಾಗ ಅವರು ಕಾಫಿ ಲೋಟ ನನ್ನ ಕಡೆ ಸರಿಸಿ, "ಕುಡಿ. ತಣ್ಣಗಾಗ್ತದೆ" ಎಂದರು. ಕುಡಿ ಎಂದರಲ್ಲ, ಅಷ್ಟು ಸಾಕಾಯಿತು. ಸಾಹುಕಾರರ ಕಿವಿಗೆ ಆ ವಿಷಯ ಯಾವತ್ತೂ ಬೀಳಲಿಲ್ಲ.

ಅವರು ನಿವೃತ್ತರಾದ ದಿನ ಕೆಲಸದವರೆಲ್ಲ ಸೇರಿ ಒಂದು ಶಾಲು ಹೊದಿಸಿದರು. ಎರಡು ಮಾತು ಹೇಳಿ ಎಂದು ಸಾಹುಕಾರರು ಒತ್ತಾಯಿಸಿದಾಗ ಎದ್ದು ನಿಂತು, "ಬೇಲಿಗೆ ಕರೆಂಟು ಬಿಡ್ಲಿಕ್ಕೆ ಮರೀಬೇಡಿ" ಎಂದು ಕೂತರು. ಹೋಗುವಾಗ ನನ್ನ ಹತ್ತಿರ ಬಂದು, "ಇನ್ನು ನೀನೇ" ಎಂದರು. ಹಲಗೆಯ ಮೇಲಿನ ಹಳೆಯ ರಿಜಿಸ್ಟರುಗಳನ್ನು ಒಮ್ಮೆ ಕೈಯಿಂದ ಸವರಿ ಹೊರಟರು.

ನಾಲ್ಕು ತಿಂಗಳಾಗಿತ್ತು. ಕುಯ್ಲಿನ ಭರಾಟೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅಪ್ಪುವಿನ ಫೋನು. ಅವನು ಆ ದಿನ ಕೆರೆ ಕಡೆ ಇದ್ದ. "ಅಮ್ಮ, ಬಂದಾವೆ. ಐದು. ಮರಿ ಉಂಟು" ಎಂದ. ನಾನು ಇನ್ನೇನೂ ಕೇಳಿಸಿಕೊಳ್ಳಲಿಲ್ಲ. ಅಷ್ಟು ದಿನ ಅಭ್ಯಾಸವಾದ ಕೈ ಪಟ್ಟಿಯ ಮೇಲಿನಿಂದ ಶುರು ಮಾಡಿತು. ಆ ದಿನ ಐದು ಬ್ಲಾಕಿನಲ್ಲಿ ಕೆಲಸವಿತ್ತು. ಕುಯ್ಲಿಗೆಂದು ಸೆಲ್ವಿಯ ಗುಂಪು ಅವತ್ತು ಹಲಸು ಬಿಟ್ಟು ಕಂದಕದ ಪಕ್ಕದಲ್ಲಿತ್ತು, ಹದಿನಾಲ್ಕು ಹೆಂಗಸರು. ಅವಳಿಗೇ ಮೊದಲು ಮಾಡಿದೆ. "ಸೆಲ್ವಿ, ಆನೆ ಬಂದಿದೆ, ಎಲ್ಲರನ್ನೂ ಕರ್ಕೊಂಡು ಕೆರೆ ರಸ್ತೆಗೆ ಹೊರಡು." ಸರಿಯಮ್ಮ ಎಂದು ಅವಳು ಇಟ್ಟಳು. ಎರಡನೆಯವರಿಗೆ ಒತ್ತುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ರೈಟರ್. ಅಪ್ಪು ಹಳೇ ರೂಢಿಯಂತೆ ಅವರಿಗೂ ಸುದ್ದಿ ಮುಟ್ಟಿಸಿದ್ದ.

"ಎಲ್ಲಿಂದ ಶುರು ಮಾಡಿದೆ?"

"ಹತ್ತರಿಂದ ಸಾರ್. ಸೆಲ್ವಿಗೆ ಹೇಳಿದೆ. ಕೆರೆ ರಸ್ತೆಗೆ ಹೊರಟ್ರು."

"ಅವು ಕೆರೆಯಿಂದ ಬರ್ತಾ ಉಂಟು" ಎಂದರು.

ಪಕ್ಕದ ಎಸ್ಟೇಟಿನಲ್ಲಿ ಉಳಿದುಕೊಂಡಿದ್ದ ಹಿಂಡು ಕಾಡಿಗೆ ಹಿಂತಿರುಗುತ್ತಿತ್ತು. ಅದೇ ದಾರಿ, ಎದುರು ದಿಕ್ಕು. ನಾನು ಹದಿನಾಲ್ಕು ಹೆಂಗಸರನ್ನು, ಅದರಲ್ಲೂ ಕುಂಟುವ ಸೆಲ್ವಿಯನ್ನು, ಆನೆಗಳ ಎದುರಿಗೇ ಕಳುಹಿಸಿದ್ದೆ. ಬೆರಳು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಕೇಳು" ಎಂದರು ಅವರು. ದನಿ ಏರಿಸಲಿಲ್ಲ. "ಮೊದಲು ಸೆಲ್ವಿಯನ್ನ ವಾಪಸ್ ಕಳ್ಸು. ಅಲ್ಲಿ ಪಂಪ್‌ಹೌಸ್ ಉಂಟಲ್ಲ, ಒಳಗೆ ಹೋಗಿ ಬಾಗಿಲು ಹಾಕ್ಲಿ. ಆಮೇಲೆ ‘ಹೆಸರು’ ಅಂತ ಉಂಟಲ್ಲ, ಅದನ್ನ ಒಂದು ಸಲ ಒತ್ತು. ಶೀರ್ಷಾಸನ ಹಾಕ್ಲಿ. ಮತ್ತೆ ಮೇಲಿಂದ ಮಾಡ್ಕೊಂಡು ಹೋಗು. ಬೇರೆ ಏನೂ ಯೋಚಿಸ್ಬೇಡ."

ಕೆಳಗಿನಿಂದ ಓದಿಕೊಂಡು ಹೋಗಿದ್ದರೂ ಸಾಕಿತ್ತು. ಈಗ ಗೊತ್ತಾಗುತ್ತದೆ. ಆ ಹೊತ್ತಿಗೆ ನನ್ನ ತಲೆ ಮೇಲೆ ಕೆಳಗೆ ಎಣಿಸುವ ಸ್ಥಿತಿಯಲ್ಲಿರಲಿಲ್ಲ. ಯಾರಾದರೂ ಒತ್ತು ಎಂದರೆ ಒತ್ತಬಲ್ಲೆ, ಅಷ್ಟೇ. ಸೆಲ್ವಿಗೆ ಮಾಡಿದೆ. ಸಿಗಲಿಲ್ಲ. ಹಡ್ಲಿನ ತಗ್ಗಿಗೆ ಇಳಿದರೆ ಫೋನಿಗೆ ಸಿಗ್ನಲ್ ಇರುವುದಿಲ್ಲ. ಇಳಿದೇಬಿಟ್ಟರು ಎಂದುಕೊಂಡೆ. ಮತ್ತೆ ಮಾಡಿದೆ. ಮೂರನೆಯ ಸಲ ಅವಳ ದನಿ ಕೇಳಿತು. "ವಾಪಸ್ ಹೋಗು ಸೆಲ್ವಿ, ಪಂಪ್‌ಹೌಸ್ ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳಿ, ಆನೆ ಕೆರೆಯಿಂದ ಬರ್ತಿದೆ." ಅವಳು ಪ್ರಶ್ನೆ ಕೇಳಲಿಲ್ಲ. ನಾನು ‘ಹೆಸರು’ ಒತ್ತಿದೆ. ಪಟ್ಟಿ ಮಗುಚಿಕೊಂಡಿತು. ‘120 ಕೆರೆ’ ಮೇಲೆ ಬಂದು ನಿಂತಿತು. ಅಲ್ಲಿಂದ ಒಂದೊಂದೇ ಮಾಡುತ್ತ ಇಳಿದೆ. ಕೆರೆಯವರು ಪಕ್ಕದ ರಸ್ತೆಗೆ, ಬಾವಿಯವರು ಬಂಗಲೆ ಅಂಗಳಕ್ಕೆ, ಹೊಸ ಹಲಸಿನವರು ಗೋದಾಮಿಗೆ. ಒಬ್ಬೊಬ್ಬರೂ ಹೊರಟೆವು ಎಂದಾಗ ಎದೆಯ ಮೇಲಿನ ಕಲ್ಲು ಒಂದೊಂದಾಗಿ ಇಳಿದಂತಾಗುತ್ತಿತ್ತು. ಕೊನೆಯ ಕಲ್ಲು ಮಾತ್ರ ಹಾಗೇ ಇತ್ತು.

ಮುಕ್ಕಾಲು ಗಂಟೆ ಸೆಲ್ವಿಯಿಂದ ಸುದ್ದಿಯಿಲ್ಲ. ಮಾಡಿದರೆ ಸದ್ದು ಕೇಳಿ ಆನೆ ತಿರುಗಿದರೆ ಎಂಬ ಭಯಕ್ಕೆ ನಾನೂ ಮಾಡಲಿಲ್ಲ. ಆಮೇಲೆ ಅವಳದೇ ಫೋನು ಬಂತು. "ಆಯ್ತಮ್ಮ, ದಾಟಿ ಹೋದ್ವು. ಕಿಟಕಿಯಿಂದ ನೋಡಿದ್ವಿ. ಮರಿ ಕಂದಕ ಹತ್ತಕ್ಕಾಗ್ದೆ ಕೂತ್ಬಿಡ್ತು, ಅದರಮ್ಮ ಹಿಂದಿಂದ ತಳ್ಳಿತು." ಎಷ್ಟು ಜನ ಇದ್ದೀರಿ ಎಂದು ಕೇಳಿದೆ. "ಹದಿನಾಲ್ಕೂ ಇದ್ದೀವಿ." ನೀವು ಹಡ್ಲಿಗೆ ಇಳಿದಿರಲಿಲ್ಲವಾ ಎಂದೆ. "ಇಳಿದೇಬಿಡ್ತಿದ್ರು. ನನ್ನ ಕಾಲು ಗೊತ್ತಲ್ಲಮ್ಮ, ನಿಧಾನ. ನಾನು ಬರೋ ತನಕ ಅವರು ಮುಂದೆ ಹೋಗಲ್ಲ, ದಿಣ್ಣೆ ಮೇಲೇ ನಿಂತಿದ್ರು."

ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ದುಃಖಕ್ಕಲ್ಲ. ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿ ಹೋದರೆ ಮನುಷ್ಯರಿಗೆ ಅಳು ಬರುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಎಂದೋ ರೈಟರ್ ತಡವಾಗಿ ಮುಟ್ಟಿದ್ದಕ್ಕೆ ಹೋದ ಕಾಲು, ಅವತ್ತು ನನ್ನ ತಪ್ಪಿನಿಂದ ಹದಿನಾಲ್ಕು ಜನರನ್ನು ಉಳಿಸಿತ್ತು.

ಮುಖ ತೊಳೆದುಕೊಂಡು ಬಂದು ಅವರಿಗೆ ಫೋನ್ ಮಾಡಿದೆ. ಸೆಲ್ವಿ ಹೇಳಿದ್ದನ್ನೆಲ್ಲ ಹೇಳಿದೆ, ದಿಣ್ಣೆ ಮೇಲೆ ಕಾದು ನಿಂತದ್ದನ್ನೂ ಹೇಳಿದೆ. ಅವರು ಉಸಿರು ಬಿಟ್ಟದ್ದು ಕೇಳಿಸಿತು. ತಪ್ಪಾಯಿತು ಸಾರ್ ಎಂದೆ. ಈಗ ‘ನೀವು’ ಎನ್ನುತ್ತಾರೆ, ಅನ್ನಲಿ, ಅದಕ್ಕೆ ನಾನು ಯೋಗ್ಯಳೇ ಎಂದುಕೊಂಡು ಕಾದೆ.

"ಊಟ ಮಾಡಿದ್ಯಾ?" ಎಂದರು.

"ಇಲ್ಲ ಸಾರ್. ಇನ್ನೂ ಹನ್ನೊಂದು ಗಂಟೆ."

"ಹಾಗಾದ್ರೆ ಒಂದು ಕೆಲಸ ಮಾಡು" ಎಂದರು. "ಅದನ್ನ ಮತ್ತೆ ನೆಟ್ಟಗೆ ಮಾಡಿಡು. ನಾಳೆ ಕಾಡಿಂದ ಬಂದ್ರೆ?"

ಒತ್ತಿದೆ. ‘000 ಇವತ್ತು’ ಮೇಲೆ ಬಂತು, ಅದರ ಕೆಳಗೆ ಕಂದಕ. ಬಂತು ಸಾರ್ ಎಂದೆ. ಅವರು ಹ್ಞೂಂ ಎಂದು ಫೋನಿಟ್ಟರು.

ಈಗಲೂ ಅಪ್ಪುವಿನ ಫೋನು ಬಂದರೆ ನಾನು ಮೊದಲು ಕೇಳುವುದು, "ಎಲ್ಲಿಂದ?" ಎಂದು. ದಿನಾ ಸಂಜೆ ಆಫೀಸಿಗೆ ಬೀಗ ಹಾಕುವ ಮೊದಲು ಪಟ್ಟಿ ನೆಟ್ಟಗಿದೆಯೇ ಎಂದು ನೋಡುತ್ತೇನೆ. ಹೊಸ ಕಂಪ್ಯೂಟರಿನಲ್ಲೂ ಅದೇ ಪಟ್ಟಿ, ಅದೇ ಅಂಕಿ. ನೋಡಿ, ಬೀಗ ಹಾಕಿ, ನೆಮ್ಮದಿಯಾಗಿ ಮನೆಗೆ ಹೋಗುತ್ತೇನೆ.